ಪ್ರೊಸೆಸರ್ ಪರವಾಗಿ ಸಹಿ

ಪ್ರೊಸೆಸರನ್ನು ಮಾತಾಡಿಸುವುದು ಸುಲಭ. "ನಿನಗೆ ಏನೇನು ಬರುತ್ತಪ್ಪಾ?" ಅಂತ ಕೇಳಲೆಂದೇ 1993ರ ಪೆಂಟಿಯಂ ಕಾಲದಿಂದ ಸಿಪಿಯುಐಡಿ ಎಂಬ ಇನ್‌ಸ್ಟ್ರಕ್ಷನ್ ಇದೆ. ನಾಲ್ಕು ರಿಜಿಸ್ಟರ್ (ಪ್ರೊಸೆಸರ್ ಒಳಗಿನ ಪುಟ್ಟ ಗೂಡುಗಳು) ತುಂಬ ಉತ್ತರ ಬರುತ್ತದೆ. ಬಿಟ್ ಒಂದಾಗಿದ್ದರೆ ಬರುತ್ತೆ, ಸೊನ್ನೆಯಾಗಿದ್ದರೆ ಬರಲ್ಲ. ಮುಗೀತು.

ಇದನ್ನೇ ವರ್ಚುವಲ್ ಮಶೀನ್ (ವಿಎಂ, ಅಂದರೆ ಕಂಪ್ಯೂಟರೊಳಗೆ ಸಾಫ್ಟ್‌ವೇರ್ ಕಟ್ಟಿದ ಇನ್ನೊಂದು ಕಂಪ್ಯೂಟರ್) ಒಳಗೆ ಕೂತು ಕೇಳಿ ನೋಡಿ. ವಿಎಂ ನಡೆಸಲೆಂದೇ ಇರುವ ಇಂಟೆಲ್‌ನ ವಿಟಿ-ಎಕ್ಸ್ ಸೌಲಭ್ಯದಲ್ಲಿ ಗೆಸ್ಟ್, ಅಂದರೆ ವಿಎಂ ಒಳಗಿನ ವ್ಯವಸ್ಥೆ, ಸಿಪಿಯುಐಡಿ ಎಂದ ಕೂಡಲೇ ಕೆಲಸ ನಿಲ್ಲುತ್ತದೆ, ಕಡತ ವಿಎಂಗಳನ್ನು ನಡೆಸುವ ಹೈಪರ್‌ವೈಸರ್ ಸಾಹೇಬರ ಟೇಬಲ್ಲಿಗೆ ಹೋಗುತ್ತದೆ. ಸಾಹೇಬರು ತಮಗೆ ಸರಿಕಂಡದ್ದನ್ನು ಬರೆದು, ಪ್ರೊಸೆಸರ್ ಪರವಾಗಿ ಸಹಿ ಹಾಕಿ ಕಳಿಸುತ್ತಾರೆ.

ಸಾಹೇಬರ ಹೆಸರು ಬೇಕೇ? ಅದಕ್ಕೂ ಅರ್ಜಿ ಇದೆ, ಹೆಕ್ಸ್‌ನಲ್ಲಿ ನಂಬರ್ 40000000. ಹೆಸರಿಗೆ 12 ಅಕ್ಷರದ ಜಾಗ. ಖಾಲಿ ಬಿಡಲು ಮನಸ್ಸು ಬರಬೇಕಲ್ಲ! ಇಂಥ ಸಾಹೇಬರ ಪೈಕಿ ವಿಎಂವೇರ್ ತನ್ನ ಹೆಸರನ್ನು ಎರಡು ಸಲ ಬರೆಯುತ್ತದೆ, ಕೆವಿಎಂ ಮೂರು ಸಲ, ಕ್ಯೂಎಮು ಎಂಬ ವಿಎಂ ತಂತ್ರಾಂಶದ ಟಿಸಿಜಿ (ಪ್ರೊಸೆಸರನ್ನು ಸಾಫ್ಟ್‌ವೇರಲ್ಲೇ ಅನುಕರಿಸುವ ಭಾಗ) ನಾಲ್ಕು ಸಲ. ಪ್ರೊಸೆಸರ್ ಕಂಪನಿಯ ಹೆಸರನ್ನು ಇಬಿಎಕ್ಸ್, ಇಡಿಎಕ್ಸ್, ಇಸಿಎಕ್ಸ್ ರಿಜಿಸ್ಟರ್‌ಗಳಿಂದ ಆ ಕ್ರಮದಲ್ಲೇ ಅಡ್ಡಾದಿಡ್ಡಿ ಹೆಕ್ಕಬೇಕು. ಸಾಹೇಬರ ಹೆಸರು ಮಾತ್ರ ಬಿ, ಸಿ, ಡಿ ಅಂತ ನೀಟಾಗಿ ಸಿಗುತ್ತದೆ.

ಇನ್ನು ಕ್ಯೂಎಮುಗೆ ಪ್ರೊಸೆಸರ್ ಮಾದರಿ ಹೇಳದೆ ಬಿಟ್ಟಿರೋ, ಕ್ಯೂಎಮು64 ಎಂಬ ಹಳೇ ವೇಷ ತೊಡಿಸುತ್ತದೆ. ಎಸ್‌ಎಸ್‌ಇ 4.2 (ಹೆಚ್ಚುವರಿ ಇನ್‌ಸ್ಟ್ರಕ್ಷನ್‌ಗಳ ಒಂದು ಗುಂಪು) ಬರುತ್ತಾ ಅಂದರೆ ಇಲ್ಲ ಅನ್ನುತ್ತದೆ. 2022ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಅದಿಲ್ಲದೆ ಏಳುವುದೇ ಇಲ್ಲ. ಈ ಸಿಪಿಯುಗೆ ಎಕ್ಸ್86-64-ವಿ2 (ಎಸ್‌ಎಸ್‌ಇ 4.2 ಸೇರಿದ ಕನಿಷ್ಠ ಸಾಮರ್ಥ್ಯದ ಪಟ್ಟಿ) ಬರಲ್ಲ ಅಂತ ಲಿನಕ್ಸ್‌ನ ಮೂಲ ಲೈಬ್ರರಿ ಜಿ-ಲಿಬ್‌ಸಿ ಕೈಚೆಲ್ಲುತ್ತದೆ, ಮೊದಲ ಪ್ರೋಗ್ರಾಂ ಇನಿಟ್ ಸಾಯುತ್ತದೆ, ಕರ್ನಲ್ ಎದೆ ಬಡಿದುಕೊಂಡು ಪ್ಯಾನಿಕ್ ಆಗುತ್ತದೆ. ಕೆಳಗೆ ಎಲ್ಲ ಬಲ್ಲ ಅಸಲಿ ಪ್ರೊಸೆಸರ್ ಸುಮ್ನೆ ಬಿಸಿಯಾಗುತ್ತಾ ಕೂತಿರುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಸಾಹೇಬರ ಬಳಿ ಕಾರಣ ಇದೆ. ಓಡುತ್ತಿರುವ ವಿಎಂ ಅನ್ನು ನಾಳೆ ಹಳೇ ಸರ್ವರ್‌ಗೆ ವರ್ಗ ಮಾಡಬೇಕಾದರೆ? ನ್ಯಾಯವೇ. ಆದರೆ ಹುಟ್ಟಿದ ಜಾಗ ಬಿಟ್ಟು ಕದಲದ ವಿಎಂಗೂ ವರ್ಗಾವಣೆಯ ಭಯ ಯಾಕೆ?

ಹೋಗಲಿ, ಇಂಥ ಫೀಚರ್ ಬೇಕೇ ಬೇಕು ಅಂತ ಹೆಸರು ಹಿಡಿದು ಕೇಳಿದಿರಿ. ಹೋಸ್ಟ್‌ನಲ್ಲಿ, ಅಂದರೆ ಅಸಲಿ ಯಂತ್ರದಲ್ಲಿ, ಅದು ಇಲ್ಲದಿದ್ದರೆ ಕ್ಯೂಎಮು ಎಚ್ಚರಿಕೆಯ ಒಂದು ಸಾಲು ಗೀಚಿ, ಅದನ್ನು ಬಿಟ್ಟೇ ವಿಎಂ ಶುರು ಮಾಡುತ್ತದೆ. "ಬೇಕು ಅಂದರೆ ನಿಜವಾಗಿಯೂ ಬೇಕು" ಎನ್ನಲು ಎನ್‌ಫೋರ್ಸ್ ಅಂತ ಇನ್ನೊಂದು ಅರ್ಜಿ ಹಾಕಬೇಕು.

ಇಷ್ಟೆಲ್ಲ ಆಗಿ ಒಳಗೆ ಪ್ರೊಸೆಸರ್ ಹೆಸರು ನೋಡಿದರೆ, ಕ್ಯೂಎಮು ವರ್ಚುವಲ್ ಸಿಪಿಯು ಆವೃತ್ತಿ 2.5+ ಅಂತ ಇರುತ್ತದೆ. ಕ್ಯೂಎಮು ಆವೃತ್ತಿ 10 ಬಂದಾಯಿತು. ಬಾಕಿ ಏಳೂವರೆ ಆ ಪ್ಲಸ್‌ನೊಳಗೆ ಕೂತಿದೆ, ಶನಿಯ ಹಾಗೆ.