ಕಾಮಿಡಿಗೆ ಜನ ನಕ್ಕರೆ ಕ್ಷಮೆ ಯಾಕೆ ಕೇಳಬೇಕು?

ಜನ ನಕ್ಕರು. ಅದಕ್ಕೇ ನಿನ್ನೆ ನಾನು ಹಾಲ್‌ನಲ್ಲಿ ತೋರಿಸುತ್ತಿದ್ದ ಸಿನಿಮಾವನ್ನು ಆಯೋಜಕರು ನಿಲ್ಲಿಸಿದರು! ರಾತ್ರಿ ಎರಡು ಗಂಟೆ ಆಯಿತು, ನನಗೆ ಇನ್ನೂ ಹೊಟ್ಟೆ ಉರಿಯುತ್ತಿದೆ.

ನಗಲಿ ಅಂತಲೇ ತೆಗೆದ ಸಿನಿಮಾ ಸ್ವಾಮಿ ಅದು. 'ಕ್ರಿಯೇಚರ್ ಫ್ರಮ್ ದಿ ಹಾಂಟೆಡ್ ಸೀ', 1961. ಕಡಿಮೆ ಕಾಸಿನಲ್ಲಿ ಸಿನಿಮಾ ಮಾಡುತ್ತಿದ್ದ ಅಮೆರಿಕದ ನಿರ್ದೇಶಕ ರೋಜರ್ ಕಾರ್ಮನ್ ಪೋರ್ಟೊ ರಿಕೋಗೆ ಬೇರೆ ಎರಡು ಸಿನಿಮಾದ ಕೆಲಸಕ್ಕೆ ಹೋಗಿದ್ದರು. ಅದೇ ತಂಡ ಇಟ್ಟುಕೊಂಡು ಕೆಲವೇ ದಿನಗಳಲ್ಲಿ ಇದನ್ನೂ ಮುಗಿಸಿದರು. ಕಳ್ಳನೊಬ್ಬ ಚಿನ್ನ ಹೊಡೆಯೋಕೆ ದೋಣಿಯಲ್ಲಿದ್ದವರನ್ನು ಕೊಂದು, ಸಮುದ್ರದ ಭೂತ ಕೊಂದಿತು ಅಂತ ಸುಳ್ಳು ಹೇಳಲು ಹೊರಡುತ್ತಾನೆ. ಆಮೇಲೆ ನಿಜವಾದ ಭೂತವೇ ಬರುತ್ತದೆ. ಅದಕ್ಕೆ ಟೆನಿಸ್ ಚೆಂಡಿನ ಕಣ್ಣು, ಪಿಂಗ್‌ಪಾಂಗ್ ಚೆಂಡಿನ ಪಾಪೆ. ಮೈಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು!

ಮೂರು ವಾರ ಕೂತು ಕನ್ನಡದಲ್ಲಿ ಸಬ್‌ಟೈಟಲ್ ಬರೆದೆ. ಸಂಪಿಗೆ ರಸ್ತೆಯಿಂದ ನ್ಯಾಷನಲ್ ಕಾಲೇಜಿನವರೆಗೆ ಮೆಟ್ರೋದಲ್ಲಿ ನನ್ನದೇ ಪ್ರೊಜೆಕ್ಟರ್ ಮಡಿಲಲ್ಲಿಟ್ಟುಕೊಂಡು ಹೋದೆ.

ಭೂತ ದಡಕ್ಕೆ ಬಂತು. ಮೂರನೇ ಸಾಲಿನ ಅಜ್ಜಿಯೊಬ್ಬರು "ಅಯ್ಯೋ, ಅದರ ಕಣ್ಣು ನೋಡ್ರೇ!" ಅಂದರು. ಇಡೀ ಹಾಲ್ ನಕ್ಕಿತು. ನನಗೆ ಕಣ್ಣಲ್ಲಿ ನೀರೇ ಬಂತು, ಅಷ್ಟು ಖುಷಿ. ಅಷ್ಟರಲ್ಲಿ ಪಟ್ಟನೆ ಲೈಟ್ ಹತ್ತಿತು. ಆಯೋಜಕರು ಮೈಕ್ ಹಿಡಿದು ತೆರೆಯ ಮುಂದೆ ಬಂದು ನಿಂತರು. "ದಯವಿಟ್ಟು ಕ್ಷಮಿಸಿ. ಆಯ್ಕೆ ಇವರದು" ಅಂತ ನನ್ನ ಕಡೆ ಕೈ ತೋರಿಸಿದರು. ಎಲ್ಲರೂ ತಿರುಗಿ ನೋಡಿದರು. ಪ್ರೊಜೆಕ್ಟರ್ ಇನ್ನೂ ಓಡುತ್ತಿತ್ತು. ಅವರ ಬಿಳಿ ಶರ್ಟಿನ ಮೇಲೆ ಭೂತ ಓಡಾಡುತ್ತಿತ್ತು. "ಆಫ್ ಮಾಡಿ" ಅಂದರು. "ಸರಿ ಸಾರ್" ಅಂದೆ. ಯಾಕೆ ಸರಿ ಅಂದೆ? ಆಫ್ ಮಾಡಿದ್ದು ನನ್ನ ಕೈಯೇ. ಅದೇ ಜಾಸ್ತಿ ಉರಿಯುತ್ತಿದೆ.

'ಜಾಸ್' ಸಿನಿಮಾದಲ್ಲಿ ಯಂತ್ರದ ಶಾರ್ಕ್ ಉಪ್ಪುನೀರಿಗೆ ಕೆಟ್ಟುಹೋಗುತ್ತಿತ್ತು, ಹಾಗಾಗಿ ಅದನ್ನು ಜಾಸ್ತಿ ತೋರಿಸಲಿಲ್ಲ. ಅದಕ್ಕೆ ಎಲ್ಲರೂ ಜಾಣತನ ಅನ್ನುತ್ತಾರೆ. ಕಾಸಿಲ್ಲದವರು ಚೆಂಡು ಅಂಟಿಸಿ ಧೈರ್ಯವಾಗಿ ಭೂತವನ್ನು ಮುಂದೆ ನಿಲ್ಲಿಸಿದರೆ ಮಾತ್ರ ಕಳಪೆ, ಅಲ್ವಾ?

ಬಿಡಿ. ಹಾಲ್ ಅವರದು, ಮೈಕ್ ಅವರದು. ಇನ್ಮೇಲೆ ಯಾರಿಗೂ ಏನೂ ತೋರಿಸುವುದಿಲ್ಲ.

ಇಲ್ಲ, ಬಿಡೋಕೆ ಆಗುತ್ತಿಲ್ಲ. ಆ ಅಜ್ಜಿ ಮೆಟ್ಟಿಲ ಹತ್ತಿರ ಕಾದು ನಿಂತಿದ್ದರು. "ಕೊನೆಗೆ ಅದನ್ನ ಕೊಂದರೇನಪ್ಪ?" ಅಂತ ಕೇಳಿದರು. "ಇಲ್ಲ ಅಜ್ಜಿ, ಅದೇ ಗೆಲ್ಲುತ್ತದೆ. ಸಮುದ್ರದ ತಳದಲ್ಲಿ ಚಿನ್ನದ ಪೆಟ್ಟಿಗೆ ಮೇಲೆ ಕೂತು ಹಲ್ಲು ಚುಚ್ಚಿಕೊಳ್ಳುತ್ತದೆ" ಅಂದೆ. ಅವರು ಮತ್ತೆ ನಕ್ಕರು. ಅದನ್ನು ಅವರು ತೆರೆಯ ಮೇಲೆ ನೋಡಬೇಕಿತ್ತು. ಇನ್ನು ಹತ್ತು ನಿಮಿಷ ಅಷ್ಟೇ ಬಾಕಿ ಇತ್ತು! ನಿನ್ನೆ ಆ ಹಾಲ್‌ನಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ಹೇಳಿ. ನಿಮಗೆ ನಿಜವಾಗಲೂ ಸಾಕಾಗಿತ್ತಾ?