ಕೊಟ್ಟೆಯ ಒಡ್ಡೋಲಗ

ಕೊಟ್ಟೆ ಅಂದರೆ ಹಲಸಿನ ಎಲೆಗಳಿಗೆ ಕಡ್ಡಿ ಚುಚ್ಚಿ ಮಾಡಿದ್ದು, ಹಿಟ್ಟು ಹೊಯ್ದು ಕಡುಬು ಬೇಯಿಸಲಿಕ್ಕೆ. ಈಗ ಶಿರಸಿ ಪೇಟೆಯಲ್ಲಿ ಕೊಟ್ಟೆ ಕೇಳಿದರೆ ಸಿಗುವುದು ಪ್ಲಾಸ್ಟಿಕ್ ಚೀಲ. ಎಲೆಯ ಕೆಲಸವನ್ನಷ್ಟೇ ಅಲ್ಲ, ಹೆಸರನ್ನೂ ಲಪಟಾಯಿಸಿದ ಈ ಪಾತ್ರಧಾರಿಯನ್ನು ರಾಜ್ಯ ಸರ್ಕಾರ 2016ರ ಮಾರ್ಚ್ 11ರಂದು ದಪ್ಪ-ತೆಳು ನೋಡದೆ ರಂಗದಿಂದ ಇಳಿಸಿತು. ಜೊತೆಗೆ ಫ್ಲೆಕ್ಸ್, ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಹಾಳೆ ಎಲ್ಲ ಇಳಿದವು. ಆದರೆ ಯಕ್ಷಗಾನದ ಆಟ ನೋಡಿ ಗೊತ್ತಿರುವವರಿಗೆ ಗೊತ್ತು: ರಂಗದಿಂದ ಇಳಿದವ ಮನೆಗೆ ಹೋಗುವುದಿಲ್ಲ, ಬಣ್ಣ ಹಚ್ಚುವ ಚೌಕಿಗೆ ಹೋಗುತ್ತಾನೆ, ಬೇರೆ ವೇಷ ಕಟ್ಟಲಿಕ್ಕೆ.

ಮೊದಲು ಬಂದದ್ದು ದಪ್ಪನೆಯ ವೇಷ. ಕೇಂದ್ರದ ನಿಯಮದಲ್ಲಿ ಚೀಲದ ದಪ್ಪ 2021ರ ಸೆಪ್ಟೆಂಬರ್ 30ರಿಂದ ಕನಿಷ್ಠ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120. ತೆಳ್ಳಗಿದ್ದರೆ ಅಪರಾಧಿ, ಮೈ ಬಂದರೆ ಮರ್ಯಾದಸ್ಥ. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಬಂಗಡೆ ಎಣಿಸುವ ಅಕ್ಕ ಇನ್ನು ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಮೈಕ್ರೋಮೀಟರ್ ಹಿಡಿದು ಕೂರಬೇಕು. ಅಷ್ಟೆಲ್ಲ ಬೇಡ ಅನ್ನುವವರು ಮುಚ್ಚಳ ಬಿಗಿಯಾಗುವ ಸ್ಟೀಲ್ ಡಬ್ಬಿ ಒಯ್ಯಬಹುದು. ಒಂದು ಕೆಜಿಗೆ ಮೂರು ಲೀಟರಿನದು ಬೇಕು. ಚಿಕ್ಕದಾದರೆ ಬಾಲ ಹೊರಗೆ, ಆಮೇಲೆ ಕೊಟ್ಟೆಯೇ ಗತಿ. ತಳಕ್ಕೆ ಬಾಳೆ ಎಲೆ ಹಾಸಿ. ತೊಳೆಯುವಾಗ ಮೊದಲು ತಣ್ಣೀರು, ಮೇಲೆ ಹುಣಸೆಹಣ್ಣು. ಬಿಸಿನೀರು ಹೊಯ್ದಿರೋ, ಮೀನಿನ ಲೋಳೆ ಬೆಂದು ಡಬ್ಬಿಗೆ ಅಂಟುತ್ತದೆ. ನಾಳೆ ಅದೇ ಡಬ್ಬಿಯಲ್ಲಿ ಅವಲಕ್ಕಿ ತುಂಬಿದಾಗ ಗೊತ್ತಾಗುತ್ತದೆ.

ಎರಡನೆಯದು ಸ್ತ್ರೀವೇಷ. ಹತ್ತಿರ ಹೋಗಿ ಮುಟ್ಟುವವರೆಗೂ ಬಟ್ಟೆಯೇ. ಮದುವೆ, ಉಪನಯನ, ಬ್ಯಾಂಕಿನ ವಾರ್ಷಿಕ ಸಭೆ, ಎಲ್ಲಿ ಹೋದರೂ ‘ಪರಿಸರಸ್ನೇಹಿ ಬಟ್ಟೆ ಚೀಲ’ ಅಂತ ಕೊಡುವುದು ನಾನ್‌ವೋವನ್ ಚೀಲ. ಅಪ್ಪಟ ಪಾಲಿಪ್ರೊಪಿಲೀನ್, ಪ್ಲಾಸ್ಟಿಕ್ ಕೊಡಪಾನದ ದಾಯಾದಿ. ಬಣ್ಣ ಕಳಚಲು ಒಂದು ಹನಿ ನೀರು ಸಾಕು: ಹತ್ತಿಯಾದರೆ ಹೀರುತ್ತದೆ, ಇದರ ಮೇಲೆ ಕೆಸುವಿನೆಲೆ ಮೇಲಿನಂತೆ ಮಣಿಯಾಗಿ ನಿಲ್ಲುತ್ತದೆ. ಬಿಸಿಲಿಗೆ ಕೆಲವು ತಿಂಗಳು ತೂಗುಹಾಕಿದರೆ ವಧೂವರರ ಹೆಸರಿನ ಸಮೇತ ಪುಡಿಪುಡಿ.

ಹಾಗಂತ ಹೊಸ ಹತ್ತಿ ಚೀಲ ಕೊಂಡು ಗೂಟಕ್ಕೆ ಸಿಕ್ಕಿಸಿದರೆ ಪುಣ್ಯ ಬರುವುದಿಲ್ಲ. ಬ್ರಿಟನ್ನಿನ ಪರಿಸರ ಇಲಾಖೆ 2011ರಲ್ಲಿ ಹವಾಮಾನದ ಮೇಲಿನ ಭಾರ ಲೆಕ್ಕಹಾಕಿತ್ತು. ಒಂದೇ ಸಲ ಬಳಸಿ ಬಿಸಾಡುವ ತೆಳು ಚೀಲಕ್ಕೆ ಸಮನಾಗಲು ಹತ್ತಿ ಚೀಲವನ್ನು 131 ಸಲ ಬಳಸಬೇಕು. ನಮ್ಮ ಗೂಟಗಳಲ್ಲಿ ಹದಿನೈದು ಚೀಲ ನೇತಾಡುತ್ತಿರುತ್ತವೆ, ಪೇಟೆಗೆ ಹೊರಟವರ ಕೈ ಖಾಲಿ. ಹಳೆಯ ಲುಂಗಿಯ ನಡುವಿನ ಸವೆದ ಭಾಗ ಬಿಟ್ಟರೂ ಎರಡು-ಮೂರು ಚೀಲಕ್ಕೆ ಮೋಸವಿಲ್ಲ. ಹಿಡಿಕೆಯನ್ನು ಎರಡು ಇಂಚು ಒಳಗೆ ತೂರಿಸಿ ಚೌಕ ಹೊಲಿಗೆ ಹಾಕಿ, ನಡುವೆ ಅಡ್ಡಡ್ಡ ಗುಣಿಸು ಚಿಹ್ನೆಯಂತೆ ಇನ್ನೊಂದು. ಬರೀ ಒಂದು ಗೆರೆ ಎಳೆದರೆ ಐದು ಕೆಜಿ ಅಕ್ಕಿಗೆ ಹಿಡಿಕೆ ಕೈಯಲ್ಲಿ, ಅಕ್ಕಿ ಬಸ್‌ಸ್ಟ್ಯಾಂಡಿನಲ್ಲಿ. ಹೊಲಿದ ಚೀಲವನ್ನು ಇಡಬೇಕಾದ ಜಾಗ ಸ್ಕೂಟರಿನ ಸೀಟಿನಡಿ, ಗೂಟವಲ್ಲ.

ಮೂರನೆಯ ವೇಷಕ್ಕೆ ಚಪ್ಪಾಳೆ ಹೊಡೆಯಲೇಬೇಕು. ಅಡಿಕೆ ತೋಟದ ನಡುವೆ ಬಾಳೆ, ಬಾಳೆಯ ನಡುವೆ ಕಲ್ಯಾಣ ಮಂಟಪ, ಮಂಟಪದ ಬಫೆ ತಟ್ಟೆಯ ಮೇಲೆ ಬಾಳೆ ಎಲೆಯ ಚಿತ್ರ ಅಚ್ಚುಹಾಕಿದ ಕಾಗದ! ದಿಂಡು, ನರ, ಹಸಿರು ಎಲ್ಲ ಸರಿಯಿದೆ. ಮೇಲೆ ಹೊಳೆಯುವುದು ಪ್ಲಾಸ್ಟಿಕ್ ಲೇಪ. ಅದರ ಪಕ್ಕದ ಕಾಗದದ ಲೋಟದ್ದೂ ಅದೇ ಕಥೆ: ನೀರಲ್ಲಿ ನೆನೆಸಿ ಉಜ್ಜಿದರೆ ಒಳಗಿನ ಪೊರೆ ಬೇರೆಯಾಗಿ ಬರುತ್ತದೆ. ಸಾರಿನ ವಾಸನೆಗೆ ದನ ಎಲೆಯ ಸಮೇತ ತಿನ್ನುತ್ತದೆ, ಪೊರೆ ಹೊಟ್ಟೆಯಲ್ಲಿ ಉಳಿಯುತ್ತದೆ. ಮಂಟಪದ ಹಿಂದಿನ ತೋಟದಲ್ಲಿ ತಟ್ಟೆಯಾಗಬಹುದಾಗಿದ್ದ ಅಡಿಕೆ ಹಾಳೆ ಬಿದ್ದು, ಮಳೆನೀರು ತುಂಬಿಕೊಂಡು ಸೊಳ್ಳೆ ಸಾಕುತ್ತಿದೆ.

ಇನ್ನು ಕಸದ ಗಾಡಿ. ‘ಒಣ ಕಸ, ಹಸಿ ಕಸ ಬೇರೆ ಮಾಡಿ’ ಎಂದು ಹಾಡುತ್ತ ಬರುತ್ತದೆ. ಆಷಾಢದ ಶಿರಸಿಯಲ್ಲಿ! ಮೈಮೇಲಿನ ಪಂಚೆಯೇ ಒಣಗದ ಊರಲ್ಲಿ ಒಣ ಕಸ ಅನ್ನುವುದು ತತ್ತ್ವಶಾಸ್ತ್ರದ ವಿಷಯ. ಆದರೂ ಹಾಲಿನ ತೊಟ್ಟೆಗೆ ಒಂದು ಕ್ರಮ ಉಂಟು. ದಿನಕ್ಕೆ ಎರಡು ತೊಟ್ಟೆ ಅಂದರೆ ವರ್ಷಕ್ಕೆ 730. ಮೂಲೆ ಪೂರ್ತಿ ಕತ್ತರಿಸಿದರೆ 730 ಚೂರು. ಅಷ್ಟು ಚಿಕ್ಕದನ್ನು ಯಾವ ಗುಜರಿಯವನೂ ಹೆಕ್ಕುವುದಿಲ್ಲ, ನೇರ ಗಟಾರಕ್ಕೆ. ಅರ್ಧ ಕತ್ತರಿಸಿ, ಚೂರು ನೇತಾಡುತ್ತಿರಲಿ. ಎರಡು ಚಮಚ ನೀರು ಹಾಕಿ ಕುಲುಕಿ, ಆ ನೀರನ್ನು ಚಹಾಕ್ಕೇ ಹೊಯ್ಯಿರಿ. ತೊಟ್ಟೆಯನ್ನು ಬಾಯಿ ಕೆಳಗೆ ಮಾಡಿ ಒಳಜಗುಲಿಯ ಹಗ್ಗಕ್ಕೆ ಕ್ಲಿಪ್ ಹಾಕಿ. ತೊಳೆಯದೆ ಕಟ್ಟಿಟ್ಟದ್ದು ಮೂರನೇ ದಿನಕ್ಕೆ ಹುಳಿ ವಾಸನೆ, ವಾರಕ್ಕೆ ಹುಳ, ಗುಜರಿಯವ ಮೂಗು ಮುಚ್ಚಿಕೊಂಡು ಮುಂದಿನ ಮನೆಗೆ. ಚಿಪ್ಸ್ ಪ್ಯಾಕೆಟನ್ನಂತೂ ತೊಳೆದು ಇಸ್ತ್ರಿ ಮಾಡಿ ಕೊಟ್ಟರೂ ಆತ ಒಯ್ಯುವುದಿಲ್ಲ. ಪದರಕ್ಕೆ ಪದರ ಅಂಟಿಸಿ ನಡುವೆ ಅಲ್ಯೂಮಿನಿಯಂ ಬಳಿದದ್ದನ್ನು ಬಿಡಿಸುವವರು ಯಾರು? ಅದನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು, ಚಿಪ್ಸ್ ಸಮೇತ.

ಗಾಡಿ ಬಾರದ ಹಳ್ಳಿಗಳಲ್ಲಿ ಈ ಗೋಜೇ ಇಲ್ಲ, ಅಲ್ಲಿ ಬಚ್ಚಲ ಒಲೆಯೇ ಪುರಸಭೆ. ಕಟ್ಟಿಗೆ ಹಸಿಯಾಗಿದೆ, ಒಂದು ಕೊಟ್ಟೆ ತುರುಕಿದರೆ ಭಗ್ ಅನ್ನುತ್ತದೆ. ಸರಿಯಾದ ದಹನ ಕುಲುಮೆಯಲ್ಲಿ ಹೊಗೆಯನ್ನು 850 ಡಿಗ್ರಿಗೂ ಮೇಲೆ ಎರಡು ಸೆಕೆಂಡಾದರೂ ಹಿಡಿದಿಡಬೇಕು. ನಮ್ಮ ಹಂಡೆ ಒಲೆ ನೀರು ಕಾಸುವುದೇ ಹೆಚ್ಚು, ಹೊಗೆ ಮನೆ ತುಂಬ. ಅದೇ ಬೂದಿ ಆಮೇಲೆ ಬಸಳೆ ಬುಡಕ್ಕೆ. ಆ ಬಸಳೆಯನ್ನೇ ಬೆಂಗಳೂರಿನ ಮಗನಿಗೆ ‘ನಮ್ಮದು ಆರ್ಗ್ಯಾನಿಕ್’ ಅಂತ ಕಟ್ಟಿಕೊಡುವುದು, ಕೊಟ್ಟೆಯಲ್ಲೇ. ಒಲೆ ಹೊತ್ತಿಸಲು ಬೇಸಿಗೆಯಲ್ಲೇ ಕರಟ, ಅಡಿಕೆ ಸಿಪ್ಪೆ, ಒಣ ಸೋಗೆ ಅಟ್ಟಕ್ಕೆ ಏರಿಸಿಟ್ಟರೆ ಮಳೆಗಾಲ ಸಾಗುತ್ತದೆ. ಅಟ್ಟದಲ್ಲಿ ಜಾಗ ಇಲ್ಲವೇ? ಅಲ್ಲಿರುವ ಪ್ಲಾಸ್ಟಿಕ್ ಕುರ್ಚಿ ಇಳಿಸಿ.

ಜೂನ್ 5ಕ್ಕೆ ಪರಿಸರ ದಿನ. ವೇದಿಕೆಯ ಹಿಂದೆ ಹನ್ನೆರಡು ಅಡಿ ಫ್ಲೆಕ್ಸ್: ‘ಪ್ಲಾಸ್ಟಿಕ್ ಮುಕ್ತ ಜಿಲ್ಲೆ ನಮ್ಮ ಸಂಕಲ್ಪ’. ಅದೇ ವಾರ ಮಳೆ ಹಿಡಿಯುತ್ತದೆ. ಫ್ಲೆಕ್ಸ್ ಬಿಚ್ಚಿದವರು ಸುಮ್ಮನೆ ಎಸೆಯುವವರಲ್ಲ. ಅದು ಯಾರದೋ ಮನೆಯ ಹಿತ್ತಿಲಲ್ಲಿ ಕಟ್ಟಿಗೆ ರಾಶಿಗೆ ಹೊದಿಕೆಯಾಗುತ್ತದೆ, ಅಕ್ಷರ ತಲೆಕೆಳಗು. ಎರಡು-ಮೂರು ಮಳೆಗಾಲ ತಡೆದು ಹರಿಯುತ್ತದೆ. ಫ್ಲೆಕ್ಸ್ ಅಂದರೆ ಪಿವಿಸಿ ಪ್ಲಾಸ್ಟಿಕ್, ಅರೆಬರೆ ಉರಿದರೆ ಡಯಾಕ್ಸಿನ್ ಎಂಬ ವಿಷ ಕಾರುವ ಸರಕು. ಮೊದಲು ‘ಸಂಕಲ್ಪ’ದ ತುಂಡು ಬಚ್ಚಲ ಒಲೆಗೆ ಹೋಗುತ್ತದೆ. ‘ಮುಕ್ತ’ ಮಾರನೇ ದಿನದ ಸ್ನಾನಕ್ಕೆ.