ಒಂದೇ ಎಣ್ಣೆಯ ಅಡುಗೆಮನೆ

ಕೋಲ್ಕತ್ತಾದ ಅಡುಗೆಮನೆಗೆ ಒಂದೇ ಎಣ್ಣೆ, ಸಾಸಿವೆಯದು. ಬದನೆಕಾಯಿ ಕರಿಯಲು, ಮೀನು ಹುರಿಯಲು, ಬೇಯಿಸಿದ ಆಲೂಗಡ್ಡೆಗೆ ಹಸಿಯಾಗಿಯೇ ಕಲೆಸಲು, ಮಂಡಕ್ಕಿಗೆ ಸವರಲು, ಎಲ್ಲಕ್ಕೂ ಅದೇ. ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳಲ್ಲೂ ಈಗ ಒಂದೇ ಎಣ್ಣೆ, ರಿಫೈನ್ಡ್ ಸೂರ್ಯಕಾಂತಿ. ಆದರೆ ಬಂಗಾಳಿಗಳಿಗೆ ತಮ್ಮ ಎಣ್ಣೆಯ ಗುಣವೂ ಗೊತ್ತು, ದುರ್ಗುಣವೂ ಗೊತ್ತು. ನಾಲ್ಕಾರು ಎಣ್ಣೆಗಳ ಸ್ವಭಾವ ಬಲ್ಲವರಾಗಿದ್ದ ನಾವು, ನಾಲಿಗೆಗೆ ಯಾವ ಗುಣವೂ ಹತ್ತದ ಒಂದನ್ನು ತಂದಿಟ್ಟುಕೊಂಡಿದ್ದೇವೆ.

ಇಲ್ಲಿ ಕೋಲ್ಕತ್ತಾದವರು ಸಾಸಿವೆ ಎಣ್ಣೆಯನ್ನು ಪಳಗಿಸುವ ಕ್ರಮ ನೋಡಬೇಕು. ಬಾಣಲೆಯಲ್ಲಿ ಎಣ್ಣೆಯ ಕೆಂಪು ಮಿಶ್ರಿತ ಹಳದಿ ತಿಳಿಯಾಗಿ, ಮೊದಲ ತೆಳು ಹೊಗೆ ಏಳುವ ತನಕ ಕಾಯಿಸುತ್ತಾರೆ. ಆಮೇಲೆ ಉರಿ ತಗ್ಗಿಸಿ, ಒಂದು ನಿಮಿಷ ಬಿಟ್ಟು ‘ಪಾಂಚ್ ಫೋಡೊನ್’ ಹಾಕುತ್ತಾರೆ. ಅದು ಅವರ ಒಗ್ಗರಣೆ: ಮೆಂತ್ಯ, ಜೀರಿಗೆ, ಸೋಂಪು, ಕಲೌಂಜಿ (ಕರಿಜೀರಿಗೆ), ಜತೆಗೆ ರಾಧುನಿ ಎಂಬ ಓಮದಂಥ ಕಾಳು ಅಥವಾ ಸಾಸಿವೆ. ಹೊಗೆಯಾಡುವಾಗಲೇ ಹಾಕಿದರೆ ಮೆಂತ್ಯ ಕರಕಲಾಗಿ ಪಲ್ಯವಿಡೀ ಕಹಿ. ಇಲ್ಲಿಗೆ ಬಂದ ಕನ್ನಡಿಗರ ತಪ್ಪು ಇದಕ್ಕೆ ತದ್ವಿರುದ್ಧ. ಕಡಲೆಕಾಯಿ ಎಣ್ಣೆಯ ಅಭ್ಯಾಸದಲ್ಲಿ ಒಂದು ಸಾಸಿವೆ ಕಾಳು ಎಸೆದು, ಅದು ಸಿಡಿದೊಡನೆ ಒಗ್ಗರಣೆ ಮುಗಿಸಿಬಿಡುತ್ತಾರೆ. ಕಾಳು ಸಿಡಿಯುವಷ್ಟು ಶಾಖಕ್ಕೆ ಈ ಎಣ್ಣೆಯ ಹಸಿ ಘಾಟು ಹೋಗುವುದಿಲ್ಲ.

ಆ ಘಾಟು ನಮಗೇನೂ ಹೊಸದಲ್ಲ. ಮಲೆನಾಡಿನ ಮಾವಿನಹಣ್ಣಿನ ಸಾಸಿವೆಯಲ್ಲಿ ಇರುವುದೂ ಅದೇ. ಸಾಸಿವೆ ಕಾಳು ಒಡೆದು ನೀರು ತಾಗಿದಾಗ ಒಳಗಿನ ಕಿಣ್ವ ಕೆಲಸಕ್ಕಿಳಿದು ಮೂಗಿಗೇರುವ ಖಾರ ಹುಟ್ಟುತ್ತದೆ. ನಾವು ಅದನ್ನು ಕಾಯಿತುರಿಯ ಕೊಬ್ಬಿನಲ್ಲಿ ತಣಿಸಿದೆವು, ಬಂಗಾಳಿಗಳು ಎಣ್ಣೆಯನ್ನು ಕಾಯಿಸಿ ತಣಿಸಿದರು.

ಹಾಗೆಂದು ಸಾಸಿವೆ ಎಣ್ಣೆಯನ್ನು ಹಾಡಿ ಹೊಗಳಬೇಕಿಲ್ಲ. ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಕಡಿಮೆ, ಒಮೆಗಾ-3 ಒಳ್ಳೆಯ ಪ್ರಮಾಣದಲ್ಲಿದೆ, ನಿಜ. ಆದರೆ ನಮ್ಮ ದೇಶದ ಹಳೆಯ ತಳಿಗಳಲ್ಲಿ ಎರುಸಿಕ್ ಆಮ್ಲವೆಂಬ ಕೊಬ್ಬಿನಾಮ್ಲ ಶೇ. 40ರಿಂದ 50ರವರೆಗೂ ಇರುತ್ತದೆ. ಇಲಿಗಳ ಹೃದಯಕ್ಕೆ ಅದು ಹಾನಿ ಮಾಡಿದ್ದು ಕಂಡುಬಂದ ಮೇಲೆ, ಅಮೆರಿಕದ ಅಂಗಡಿಗಳಲ್ಲಿ ಈ ಬಾಟಲಿಯ ಮೇಲೆ ‘ಮೈಗೆ ಹಚ್ಚಲು ಮಾತ್ರ’ ಎಂದು ಬರೆದಿರುತ್ತಾರೆ. ಮನುಷ್ಯರಲ್ಲಿ ಅದೇ ಹಾನಿ ಸಾಬೀತಾಗಿಲ್ಲ. ನನ್ನ ಮಟ್ಟಿಗೆ ಹೆಚ್ಚಿನ ಭಯ ಕಲಬೆರಕೆಯದು. 1988ರಲ್ಲಿ ಇದೇ ಊರಿನ ಬೆಹಾಲಾದಲ್ಲಿ ಕೈಗಾರಿಕಾ ರಾಸಾಯನಿಕ ಬೆರೆತ ಎಣ್ಣೆ ತಿಂದು ನೂರಾರು ಮಂದಿ ಕಾಲಿನ ಸ್ವಾಧೀನ ಕಳೆದುಕೊಂಡರು. 1998ರಲ್ಲಿ ದೆಹಲಿಯಲ್ಲಿ ಆರ್ಜಿಮೋನ್ ಎಂಬ ವಿಷದ ಕಳೆಗಿಡದ ಬೀಜದ ಎಣ್ಣೆ ಬೆರೆತು 60ಕ್ಕೂ ಹೆಚ್ಚು ಜನ ಸತ್ತರು. ಬಿಡಿ ಎಣ್ಣೆ ಕೊಳ್ಳಲೇಬಾರದು.

ಇನ್ನು ನಮ್ಮವು. ವಿಜಯಪುರ, ಕಲಬುರಗಿ ಕಡೆಯ ಕುಸುಬೆ ಎಣ್ಣೆ, ಗುರೆಳ್ಳೆಣ್ಣೆ, ಎರಡರಲ್ಲೂ ಸುಮಾರು ಶೇ. 70 ಲಿನೊಲೆಯಿಕ್ ಎಂಬ ಕೊಬ್ಬಿನಾಮ್ಲ. ಬಿಸಿಗೂ ಗಾಳಿಗೂ ಬೇಗ ಕೆಡುವ ಜಾತಿ. ಜೋಳದ ರೊಟ್ಟಿಯ ಮಗ್ಗುಲಲ್ಲಿ ಚಟ್ನಿಪುಡಿ ಹಾಕಿ ಮೇಲೆ ಹಸಿ ಎಣ್ಣೆ ಬಿಟ್ಟುಕೊಳ್ಳುವ ರೂಢಿ ಅದರ ಸ್ವಭಾವಕ್ಕೆ ಸರಿಯಾಗಿ ಒಪ್ಪುತ್ತದೆ. ಕರಾವಳಿಯ ತೆಂಗಿನೆಣ್ಣೆ ಶೇ. 90ರಷ್ಟು ಸ್ಯಾಚುರೇಟೆಡ್. ಬಿಸಿಗೆ ಜಗ್ಗದು, ಆದರೆ ಕೆಟ್ಟ ಕೊಲೆಸ್ಟರಾಲನ್ನೂ ಏರಿಸುತ್ತದೆ. ಪಲ್ಯ ಇಳಿಸುವಾಗ ಒಂದು ಚಮಚ ಸಾಕು. ನಿತ್ಯದ ಒಗ್ಗರಣೆಗೆ, ಹಬ್ಬದ ಕರಿಯುವಿಕೆಗೆ ಕಡಲೆಕಾಯಿ ಎಣ್ಣೆ. ಅದರ ಅರ್ಧದಷ್ಟು ಓಲಿಯಿಕ್ ಆಮ್ಲ, ಕಾದರೂ ತಾಳಿಕೊಳ್ಳುತ್ತದೆ.

ಇದನ್ನೆಲ್ಲ ಬಿಟ್ಟು ಸೂರ್ಯಕಾಂತಿಗೆ ಬಂದವರು ‘ಹೊಗೆಯೇ ಬರುವುದಿಲ್ಲವಲ್ಲ’ ಎನ್ನುತ್ತಾರೆ. ಹೊಗೆ ಬರುವ ಶಾಖವೇ ಬೇರೆ, ಎಣ್ಣೆ ಒಳಗೊಳಗೇ ಕೆಡುವುದೇ ಬೇರೆ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯೂ ಕುಸುಬೆಯ ಹಾಗೆ ಲಿನೊಲೆಯಿಕ್ ಹೆಚ್ಚಿರುವಂಥದ್ದು. ಅದನ್ನೇ ಮೂರು ಸಲ ಕಾಯಿಸಿ ಪೂರಿ ಕರಿದರೆ ಆಲ್ಡಿಹೈಡುಗಳೆಂಬ ಹಾನಿಕರ ರಾಸಾಯನಿಕಗಳು ಸೇರುತ್ತಾ ಹೋಗುತ್ತವೆ. ನೊರೆ ಒಡೆಯದೆ ನಿಲ್ಲುವುದು, ಎಣ್ಣೆ ಗಟ್ಟಿಯಾಗಿ ಜಿಗುಟಾಗುವುದು, ಬಣ್ಣ ಕಪ್ಪಾಗುವುದು ಗುರುತು. ಅಷ್ಟಾದ ಮೇಲೆ ಸೋಸಿಟ್ಟು ಪ್ರಯೋಜನವಿಲ್ಲ.

ಈಗಿನ ‘ಗಾಣದ ಎಣ್ಣೆ’ಯ ಭಕ್ತಿಯನ್ನೂ ಸ್ವಲ್ಪ ಅಳೆದು ನೋಡಬೇಕು. ಗಾಣ ಮರದ್ದೇ ಎಂದು ಕೇಳುವವರು ಬೀಜ ಹೇಗಿದೆಯೆಂದು ಕೇಳುವುದಿಲ್ಲ. ಬೂಷ್ಟು ಹಿಡಿದ ಕಡಲೆಬೀಜದ ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ ರಿಫೈನರಿಯಲ್ಲಿ ಬಹುಪಾಲು ಹೋಗುತ್ತದೆ, ಗಾಣದಲ್ಲಿ ಎಣ್ಣೆಯೊಡನೆ ಇಳಿದು ಬರುತ್ತದೆ. ಬೀಜವನ್ನು ಕೈಯಲ್ಲಿ ಹಿಡಿದು ನೋಡಿ, ಮುದುಡಿದ್ದು, ಕಪ್ಪಾದದ್ದು ಇದ್ದರೆ ಆ ಗಾಣ ಬೇಡ.

ಅಳತೆಯಲ್ಲಿ ಎರಡೂ ಕಡೆಯವರು ಸೋಲುತ್ತಾರೆ, ಸೋಲುವ ಬಗೆ ಬೇರೆ. ಬಂಗಾಳದಲ್ಲಿ ಕೊಬ್ಬು ಕಣ್ಣಿಗೆ ಕಾಣುತ್ತದೆ. ಇಲಿಶ್ ಮೀನು ಹುರಿದ ಎಣ್ಣೆಯನ್ನೇ ಬಿಸಿ ಅನ್ನಕ್ಕೆ ಸುರಿದುಕೊಳ್ಳುತ್ತಾರೆ, ಮುಚ್ಚುಮರೆಯಿಲ್ಲ. ನಮ್ಮಲ್ಲಿ ಅದು ಅಡಗಿ ಕೂತಿರುತ್ತದೆ. ತುರಿದ ಕಾಯಿಯಲ್ಲಿ ಮೂರನೇ ಒಂದು ಪಾಲಾದರೂ ಕೊಬ್ಬು, ಶೇಂಗಾ, ಎಳ್ಳಿನಲ್ಲಿ ಹೆಚ್ಚುಕಮ್ಮಿ ಅರ್ಧ. ಹಿಂದೆ ಕಾಯಿ ಹೆಚ್ಚಿದ್ದ ಮನೆಯಲ್ಲಿ ಎಣ್ಣೆ ಒಗ್ಗರಣೆಯಷ್ಟೇ. ಈಗ ಕಾಯಿ ಬಿಟ್ಟಿಲ್ಲ, ಎಣ್ಣೆ ಮಾತ್ರ ಏರಿದೆ. ಕೂತು ಕೆಲಸ ಮಾಡುವ ಒಬ್ಬರಿಗೆ ದಿನಕ್ಕೆ ಎಣ್ಣೆ, ತುಪ್ಪ ಎಲ್ಲ ಸೇರಿ 25 ಗ್ರಾಂ ಎಂದಿಟ್ಟುಕೊಳ್ಳಿ. ನಾಲ್ವರಿಗೆ ತಿಂಗಳಿಗೆ 3 ಕಿಲೊ. ಲೀಟರೊಂದಕ್ಕೆ 910 ಗ್ರಾಂ, ಅಂದರೆ 3.3 ಲೀಟರ್. ನಿತ್ಯ ಕಾಯಿ ಅರೆಯುವ ಮನೆಗೆ ನನ್ನ ಲೆಕ್ಕದಲ್ಲಿ 2 ಲೀಟರ್ ಧಾರಾಳ. ಸೊಪ್ಪಿನ ಹುಳಿಗೆ ಬಿಡುವ ಅರ್ಧ ಚಮಚ ತುಪ್ಪಕ್ಕೆ ಕತ್ತರಿ ಹಾಕಬೇಡಿ, ಸೊಪ್ಪಿನ ಕ್ಯಾರೊಟಿನ್ ಮೈಗೆ ಹತ್ತಲು ಜಿಡ್ಡು ಬೇಕು.

ಊರಿಂದ ಕೋಲ್ಕತ್ತಾಕ್ಕೆ ಎಣ್ಣೆ ತರುವ ಕನ್ನಡಿಗರಿಗೆ: ಕುಸುಬೆ, ಗುರೆಳ್ಳು ಅರ್ಧರ್ಧ ಲೀಟರ್ ಮಾತ್ರ ತನ್ನಿ. ಸ್ಟೀಲ್ ಡಬ್ಬಿಯಲ್ಲಿ ಕತ್ತಿನ ತನಕ ತುಂಬಿಸಿ, ಎರಡು ತಿಂಗಳೊಳಗೆ ಮುಗಿಸಿ. ಇಲ್ಲಿಯ ಸೆಕೆಗೆ ಬೇಗ ಕಮಟು ಹಿಡಿಯುತ್ತದೆ. ತೆಂಗಿನೆಣ್ಣೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುವುದರಿಂದ ಕೋಲ್ಕತ್ತಾದ ಜನವರಿಯಲ್ಲಿ ಬಾಟಲಿಯಿಂದ ಇಳಿಯುವುದಿಲ್ಲ. ಅಗಲ ಬಾಯಿಯ ಭರಣಿಯಲ್ಲಿಟ್ಟು ಒಣ ಚಮಚದಲ್ಲಿ ಕೆರೆದುಕೊಳ್ಳಿ.